ತೆಲಿಗಿ ಬಸ್ಸಿನಲ್ಲಿ ನನ್ನ ಡಿಗ್ರಿ

ನಮ್ಮ ಬೀದಿಗೆ ದಿನಾ ಬೆಳಿಗ್ಗೆ ತರಕಾರಿ ಗಾಡಿಯೊಂದು ಬರುತ್ತದೆ. ಗಾಡಿಯ ನೆತ್ತಿಯ ಮೇಲೆ ಒಂದು ಪುಟ್ಟ ಸ್ಪೀಕರು. ಅದರೊಳಗಿಂದ ಗಾಡಿಯವನದೇ ಧ್ವನಿ ಬದನೆಕಾಯಿ, ಬೆಂಡೆಕಾಯಿ, ಟೊಮ್ಯಾಟೊ ಎಂದು ಕೂಗುತ್ತಿರುತ್ತದೆ. ಗಾಡಿಯವನು ಮಾತ್ರ ಬಾಯಿ ಮುಚ್ಚಿಕೊಂಡು ಫೋನು ನೋಡುತ್ತಾ ನಡೆಯುತ್ತಿರುತ್ತಾನೆ. ಮೊನ್ನೆ ಟೊಮ್ಯಾಟೊ ಖಾಲಿಯಾದ ಮೇಲೂ ಸ್ಪೀಕರು ಟೊಮ್ಯಾಟೊ ಎನ್ನುತ್ತಲೇ ಇತ್ತು. ಎದುರು ಮನೆಯವರು ಅರ್ಧ ಕಿಲೋ ಕೇಳಿದ್ದಕ್ಕೆ, ಅದು ನಿನ್ನೆ ಹೇಳಿದ್ದು ಎಂದುಬಿಟ್ಟ. ನಾನು ಚೀಲ ಹಿಡಿದುಕೊಂಡು ನಗುತ್ತಾ ನಿಂತೆ. ತರಕಾರಿ ತರಲು ಹೋದವಳು ಬರಿಗೈಯಲ್ಲಿ ವಾಪಸು ಬಂದೆ.

ಇದರಲ್ಲಿ ಅಷ್ಟು ನಗುವಂಥದ್ದೇನಿದೆ ಎಂದು ನೀವು ಕೇಳಬಹುದು. ಸಂಗತಿ ಏನೆಂದರೆ, ಈ ವಿದ್ಯೆಯನ್ನು ನಮ್ಮ ಸೀಮೆಗೆ ಮೊದಲು ತಂದವಳು ನಾನು. ಯಾರೂ ಒಪ್ಪುವುದಿಲ್ಲ, ಅದು ಬೇರೆ ಮಾತು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಕೊಟ್ಟೂರಿನಿಂದ ಹರಪನಹಳ್ಳಿಯ ಮೇಲೆ ತೆಲಿಗಿಗೆ ಹೋಗುವ ಒಂದು ಖಾಸಗಿ ಬಸ್ಸಿನಲ್ಲಿ ನಾನು ಇದನ್ನು ಮಾಡಿ ಕೈ ಸುಟ್ಟುಕೊಂಡಿದ್ದೆ. ಆ ಸುಟ್ಟ ಕೈಯೇ ನನಗೆ ಡಿಗ್ರಿಯ ದಾರಿ ತೋರಿಸಿತು.

ನಮ್ಮಪ್ಪ ಆ ಬಸ್ಸಿನ ಕಂಡಕ್ಟರ್. ಡ್ರೈವರ್ ಮಾಬುಸಾಬ್, ಅಪ್ಪನಿಗೆ ತಮ್ಮನ ಹಾಗೆ, ನನಗೆ ಮಾಬು ಚಾಚಾ. ಹಾಡಿನ ಹುಚ್ಚು ನನಗೆ ಹತ್ತಿದ್ದೂ ಅದೇ ಬಸ್ಸಿನಲ್ಲಿ, ಎಂಜಿನ್ನಿನ ಬೆಚ್ಚನೆಯ ಬಾನೆಟ್ಟಿನ ಮೇಲೆ ಕೂತು. ಚಾಚಾನ ಟೇಪಿಗೆ ಎರಡು ಸ್ಪೀಕರು, ಒಂದು ಮುಂದೆ, ಒಂದು ಹಿಂದೆ. ಯಾವ ಪುಣ್ಯಾತ್ಮ ವೈರು ಜೋಡಿಸಿದ್ದನೋ, ಮುಂದಿನದರಲ್ಲಿ ಹಾಡುವವರೇ ಹೆಚ್ಚು, ಹಿಂದಿನದರಲ್ಲಿ ತಬಲವೇ ಹೆಚ್ಚು. ಬಾನೆಟ್ಟಿನ ಮೇಲೆ ಹಾಡು ಕೇಳಿ ಸಾಕಾದರೆ ನಾನು ಎದ್ದು ಹಿಂದಿನ ಸೀಟಿಗೆ ಹೋಗಿ ತಬಲ ಕೇಳಿ ಬರುತ್ತಿದ್ದೆ. ಒಂದೇ ಹಾಡನ್ನು ಹೀಗೆ ಬಿಡಿಸಿ ಕೇಳಬಹುದು ಎಂಬುದು ನನಗೆ ಗೊತ್ತಾದದ್ದು ಹಾಗೆ. ಯಾರದೋ ಮದುವೆಯಲ್ಲಿ ಅದೇ ಹಾಡು ಎರಡೂ ಕಡೆಯಿಂದ ಒಟ್ಟಿಗೆ ಬಂದಾಗ ನನಗೆ ಬರೀ ಗದ್ದಲ ಅನ್ನಿಸಿತ್ತು.

ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು, ಇಂಜಿನಿಯರಿಂಗೂ ಸಿಗದ, ಫೇಲೂ ಆಗದ ನಡುಮಧ್ಯದ ಅಂಕ ಪಡೆದೆ. ಹುಬ್ಬಳ್ಳಿಯಲ್ಲಿ ದೊಡ್ಡಮ್ಮನ ಮನೆ ಇತ್ತು. ಅವರ ಓಣಿಯಲ್ಲೇ ಸಂಗೀತ ತಂತ್ರಜ್ಞಾನದ ಡಿಪ್ಲೊಮಾ ಕಲಿಸುವ ಸಂಸ್ಥೆಯೊಂದು ಹೊಸದಾಗಿ ತೆರೆದಿತ್ತು. ಅತ್ತು ಕರೆದು ಸೇರಿದೆ. ಸಂಸ್ಥೆ ಇದ್ದದ್ದು ಮಹಡಿಯ ಮೇಲೆ, ಕೆಳಗೆ ಹಿಟ್ಟಿನ ಗಿರಣಿ. ಜೋಳ ಬೀಸುವ ಹೊತ್ತಿಗೆ ಮೇಲಿನ ಮೇಜು, ಮೈಕು, ಮೇಷ್ಟ್ರು ಎಲ್ಲ ಒಂದೇ ಲಯದಲ್ಲಿ ನಡುಗುತ್ತಿದ್ದರು. ಹೀಗಾಗಿ ನಾವು ಸಂಗೀತ ತುಂಬಿಸುವುದಕ್ಕಿಂತ ಮೊದಲು ಗಿರಣಿಯ ಸದ್ದು ತೆಗೆಯುವುದನ್ನು ಕಲಿತೆವು. ಅದರಲ್ಲಿ ನಾನು ಕ್ಲಾಸಿಗೇ ಮೊದಲಿಗಳು. ಎಂಥ ಗರಗರ ಇದ್ದರೂ ಇದ್ದ ಗುರುತು ಸಿಗದ ಹಾಗೆ ತೆಗೆಯುತ್ತಿದ್ದೆ. ಈ ಹೆಮ್ಮೆ ಮುಂದೆ ಏನು ಮಾಡಿತು ಎಂಬುದನ್ನು ಹೇಳುತ್ತೇನೆ.

ಎರಡು ವರ್ಷ ಕಲಿತು ಊರಿಗೆ ಬಂದರೆ ನಾನು ಏನು ಕಲಿತಿದ್ದೇನೆ ಎಂಬುದು ಕೊಟ್ಟೂರಿನಲ್ಲಿ ಯಾರಿಗೂ ತಿಳಿಯಲಿಲ್ಲ. ಸಂಗೀತ ಎಂಬ ಮಾತು ಹಿಡಿದವರು ತೊಟ್ಟಿಲ ಕಾರ್ಯಕ್ಕೆ ಕರೆದು ಹಾಡಲು ಹೇಳಿದರು. ನನ್ನ ಧ್ವನಿ ಒಡೆದ ಮಡಕೆ. ಒಂದು ಮನೆಯಲ್ಲಿ ಬಿಡದೆ ಹಾಡಿಸಿದರು. ಮಲಗಿದ್ದ ಕೂಸು ಎದ್ದು ಅತ್ತದ್ದು ಸಂಜೆಯವರೆಗೂ ನಿಲ್ಲಲಿಲ್ಲ ಎಂದು ಕೇಳಿದೆ. ತಂತ್ರಜ್ಞಾನ ಎಂಬ ಮಾತು ಹಿಡಿದವರು ಕೆಟ್ಟ ಟೇಪ್ ರೆಕಾರ್ಡರುಗಳನ್ನು ತಂದು ನಮ್ಮ ಕಟ್ಟೆಯ ಮೇಲೆ ಇಟ್ಟು ಹೋದರು. ಓಣಿಯ ಅತ್ತೆಯೊಬ್ಬರು ಚಟ್ನಿ ರುಬ್ಬುವ ಮಿಕ್ಸರನ್ನೂ ತಂದಿದ್ದರು. ನಾನು ಬಿಚ್ಚಿದೆ, ಮತ್ತೆ ಮುಚ್ಚಲು ಬರಲಿಲ್ಲ, ಅದು ನಮ್ಮ ಮನೆಯಲ್ಲೇ ಉಳಿಯಿತು.

ತಮಾಷೆ ಅಲ್ಲಿಗೆ ಮುಗಿಯಿತು. ಡಿಪ್ಲೊಮಾ ಎಂದರೆ ಡಿಗ್ರಿಯಲ್ಲ, ಮುಂದೇನು ಎಂಬ ಪ್ರಶ್ನೆ ಊಟದ ತಟ್ಟೆಯ ಜೊತೆ ಬಂದು ಕೂರತೊಡಗಿತು. ಅವ್ವನ ತವರು ತಂಬ್ರಹಳ್ಳಿ. ಅಲ್ಲಿಂದ ಸೋದರಮಾವ ಬಸಣ್ಣ ಬಂದು ತೀರ್ಪು ಕೊಟ್ಟು ಹೋದ. ಈ ವರ್ಷ ಡಿಗ್ರಿಗೆ ಸೇರಿದರೆ ಸರಿ, ಇಲ್ಲವಾದರೆ ಗಂಡು ನೋಡುವುದು. ಗಂಡು ಆಗಲೇ ಅವನ ಕಿಸೆಯಲ್ಲಿತ್ತು.

"ಹಂಪಸಾಗರದಾಗ ಒಬ್ಬ ಹುಡುಗ ಅದಾನ," ಎಂದ. "ಮೈಕ್ ಸೆಟ್ ಇಟ್ಟಾನ. ನೀನೂ ಮೈಕ್ ಓದೀ. ಇಬ್ರದೂ ಒಂದ ಲೈನು."

ನನಗೆ ನಗುವೂ ಬಂತು, ಭಯವೂ ಆಯಿತು. ಮೈಕ್ ಸೆಟ್ಟಿನ ಹುಡುಗನ ಮೇಲೆ ನನಗೇನೂ ಸಿಟ್ಟಿರಲಿಲ್ಲ. ನನಗೆ ಬೇಕಾಗಿದ್ದು ಇಷ್ಟೇ. ಯಾವ ಡಿಗ್ರಿ ಓದಿದರೂ ಕಿವಿಯ ಕೆಲಸ ಬಿಟ್ಟುಹೋಗಬಾರದು. ಕಣ್ಣು ಮುಚ್ಚಿ ಹೆಡ್‌ಫೋನು ಹಾಕಿಕೊಂಡು ಕೂತರೆ ನಾನು ಯಾರಿಗೂ ಕಡಿಮೆ ಅಲ್ಲ ಅನ್ನಿಸುತ್ತಿತ್ತು, ಹಾಗೆ ಅನ್ನಿಸುವ ಜಾಗ ನನಗೆ ಬೇರೆ ಯಾವುದೂ ಇರಲಿಲ್ಲ. ಆದರೆ ನಮ್ಮ ಕಡೆಯ ಕಾಲೇಜುಗಳಲ್ಲಿ ಇದ್ದದ್ದು ಬಿ.ಎ., ಬಿ.ಕಾಂ., ಬಿ.ಎಸ್ಸಿ. ಅವುಗಳಲ್ಲಿ ಕಿವಿಗೆ ಇದ್ದ ಕೆಲಸ ಒಂದೇ, ಪಾಠ ಕೇಳುವುದು.

ಅಪ್ಪ ಈ ಸಮಸ್ಯೆಯನ್ನು ಬಸ್ಸಿಗೆ ತೆಗೆದುಕೊಂಡು ಹೋದರು. ನಮ್ಮಪ್ಪನ ಪದ್ಧತಿಯೇ ಅದು. ಮನೆಗೆ ಹೆಂಚು ಹಾಕಿಸುವುದೋ ತಗಡು ಹಾಕಿಸುವುದೋ ಎಂಬುದನ್ನೂ ಅವರು ಪ್ರಯಾಣಿಕರನ್ನು ಕೇಳಿಯೇ ತೀರ್ಮಾನಿಸಿದ್ದರು. ಟಿಕೆಟ್ ಹರಿದು ಕೊಡುತ್ತಾ, ನಮ್ಮ ಹುಡುಗಿಗೆ ಯಾವ ಡಿಗ್ರಿ ಮಾಡಿಸಲಿ ಎಂದು ಕೇಳುತ್ತಾ ಹೋದರು. ಸಂಜೆ ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ವರದಿ ಒಪ್ಪಿಸುತ್ತಿದ್ದರು. ಕೊಟ್ಟೂರಿನಲ್ಲಿ ಶೇಂಗಾ ವ್ಯಾಪಾರಿಗಳು ಹತ್ತಿದ್ದರಿಂದ ಹರಪನಹಳ್ಳಿಯವರೆಗೆ ಬಿ.ಕಾಂ. ಮುಂದಿತ್ತಂತೆ. ಅಲ್ಲಿ ಇಬ್ಬರು ಮೇಷ್ಟ್ರು ಹತ್ತಿ, ತೆಲಿಗಿ ಮುಟ್ಟುವಷ್ಟರಲ್ಲಿ ಬಿ.ಎ. ಮಾಡಿ ಬಿ.ಎಡ್. ಮಾಡಿಸುವುದೇ ಸರಿ ಎಂದು ಬಸ್ಸನ್ನೇ ತಿರುಗಿಸಿಬಿಟ್ಟರಂತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಾಯಿತು. ನಾನು ಪೇಟೆಗೆ ಹೋದರೆ ಗುರುತು ಪರಿಚಯ ಇಲ್ಲದವರೂ ತಡೆದು ಯಾವುದಕ್ಕೆ ಸೇರಿದೆ ಎಂದು ಕೇಳುತ್ತಿದ್ದರು.

ಆಗಲೇ ನನಗೆ ಆ ಉಪಾಯ ಹೊಳೆದದ್ದು. ಅಪ್ಪ ದಿನವಿಡೀ ಊರ ಹೆಸರು ಕೂಗುವುದನ್ನು ಕ್ಯಾಸೆಟ್ಟಿಗೆ ತುಂಬಿ ಬಸ್ಸಿನ ಟೇಪಿನಲ್ಲಿ ಹಾಕಿದರೆ ಅವರ ಶ್ರಮವೂ ಉಳಿಯುತ್ತದೆ, ನಾನು ಕಲಿತದ್ದು ಎಂಥದು ಎಂದು ಇಡೀ ಬಸ್ಸಿಗೂ ಗೊತ್ತಾಗುತ್ತದೆ. ಬಸ್ಸಿಗೆ ಗೊತ್ತಾದರೆ ಅಪ್ಪನಿಗೆ ಗೊತ್ತಾದ ಹಾಗೆಯೇ.

ಒಂದು ಭಾನುವಾರ ಒಳಕೋಣೆಯ ಗೋಡೆಗೆಲ್ಲ ಮನೆಯಲ್ಲಿದ್ದ ಕೌದಿಗಳನ್ನು ನೇತುಹಾಕಿದೆ, ಸದ್ದು ಗೋಡೆಗೆ ಬಡಿದು ತಿರುಗಿ ಬರಬಾರದು ಎಂದು. ಅವ್ವ ಬಂದು ನೋಡಿ, ಮಳೆಗಾಲದಲ್ಲಿ ಕೌದಿ ಒಗೆದವರು ಯಾರು ಎಂದು ಗಾಬರಿಯಾದಳು. ಹುಬ್ಬಳ್ಳಿಯಿಂದ ತಂದಿದ್ದ ಮೈಕನ್ನು ಅಪ್ಪನ ಮುಂದೆ ಇಟ್ಟೆ. ಅಪ್ಪನಿಗೆ ಕೂತು ಕೂಗಲು ಬರಲಿಲ್ಲ.

"ನಿಂತು ಕೂಗಿದ್ರ ಕೂಗು, ಪಾರು," ಎಂದರು. "ಕುಂತು ಕೂಗಿದ್ರ ಅದು ಜಪ ಆಕ್ಕತಿ."

ಎದ್ದು ನಿಂತರು. ಆದರೂ ಬರಲಿಲ್ಲ. ಒಳಗೆ ಹೋಗಿ ಖಾಕಿ ಅಂಗಿ ಹಾಕಿಕೊಂಡು, ಚರ್ಮದ ಚೀಲ ತಗುಲಿಸಿಕೊಂಡು ಬಂದರು. ಬಾಗಿಲ ಚೌಕಟ್ಟನ್ನು ಒಂದು ಕೈಯಲ್ಲಿ ಹಿಡಿದು, ಒಂದು ಕಾಲನ್ನು ಹೊಸ್ತಿಲಾಚೆ ಗಾಳಿಯಲ್ಲಿ ಬಿಟ್ಟು, ಮೈ ತೂಗಿದ ಮೇಲೆ ಧ್ವನಿ ಬಂತು. "ಹರಪನಳ್ಳಿ ಹರಪನಳ್ಳಿ ಹರಪನಳ್ಳಿ, ತೆಲಿಗೀ ತೆಲಿಗೀ, ಬರ್ರಿ ಬರ್ರಿ." ಪಕ್ಕದ ಮನೆಯ ಅಜ್ಜಿ ನಿಜವಾಗಿಯೂ ಬಸ್ಸು ಬಂತೆಂದು ಹೊರಗೆ ಬಂದು ನೋಡಿತು. ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಹೋಗುವ ದಾರಿಯ ಕೂಗು, ಇನ್ನೊಂದು ಮಗ್ಗುಲಿಗೆ ಬರುವ ದಾರಿಯ ಕೂಗು ತುಂಬಿದೆ.

ಹೆಡ್‌ಫೋನು ಹಾಕಿಕೊಂಡು ಕೇಳಿದರೆ ಅಪ್ಪನ ಧ್ವನಿಯ ಅಂಚಿನಲ್ಲಿ ಒಂದು ಗೀರು. ಒಣ ಜೋಳದ ದಂಟನ್ನು ಎಳೆದಂಥ ಸದ್ದು, ಸಣ್ಣದು, ಆದರೆ ಪ್ರತಿ ಕೂಗಿನ ಕೊನೆಗೂ ಇದೆ. ನಾನು ಟೇಪಿನ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿದೆ. ಗೀರು ಹೋಗಲಿಲ್ಲ. ಕ್ಯಾಸೆಟ್ಟು ಅಗ್ಗದ್ದೆಂದು ಬೈದೆ, ಮೈಕು ದಾರಿಯಲ್ಲಿ ಕುಲುಕಾಡಿ ಕೆಟ್ಟಿದೆ ಎಂದುಕೊಂಡೆ. ಕೊನೆಗೆ ನನ್ನ ವಿದ್ಯೆಗೆ ಕೈಹಾಕಿದೆ. ಕಟ್ಟೆಯ ಮೇಲೆ ರಿಪೇರಿಗೆ ಬಂದು ಕೂತಿದ್ದ ಟೇಪ್ ರೆಕಾರ್ಡರುಗಳಲ್ಲಿ ನೆಟ್ಟಗಿದ್ದ ಎರಡನ್ನು ಆರಿಸಿ, ನಡುವೆ ನನ್ನ ಹಳೆಯ ಈಕ್ವಲೈಜರನ್ನು ಜೋಡಿಸಿ, ಗೀರು ಇದ್ದ ಎತ್ತರದ ಸದ್ದುಗಳನ್ನು ಇಳಿಸುತ್ತಾ ಇಳಿಸುತ್ತಾ ಇನ್ನೊಂದು ಕ್ಯಾಸೆಟ್ಟಿಗೆ ತುಂಬಿದೆ. ಗಿರಣಿಯನ್ನೇ ತೆಗೆದವಳಿಗೆ ಇದು ಯಾವ ಲೆಕ್ಕ. ಅಪ್ಪನ ಧ್ವನಿ ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ ನುಣ್ಣಗಾಯಿತು. ಕೇಳಿಸಿದಾಗ ಅವರಿಗೇ ಅನುಮಾನ ಬಂತು, ಯಾರೋ ತಹಶೀಲ್ದಾರರು ಮಾತಾಡಿದ ಹಾಗಿದೆ ಎಂದರು.

ಸೋಮವಾರ ಬಸ್ಸಿನಲ್ಲಿ ಕ್ಯಾಸೆಟ್ಟು ಹಾಕಿದೆವು. ನಾನೂ ಬಾನೆಟ್ಟಿನ ಮೇಲೆ ಕೂತಿದ್ದೆ. ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ತಹಶೀಲ್ದಾರರು ಕೂಗತೊಡಗಿದರು. ಅಪ್ಪ ಮೆಟ್ಟಿಲ ಮೇಲೆ ಬಾಯಿ ಮುಚ್ಚಿಕೊಂಡು ಹೊಸ ಮದುಮಗನ ಹಾಗೆ ನಿಂತಿದ್ದರು. ಬುತ್ತಿಗಂಟು ಹೊತ್ತ ಹೆಂಗಸೊಬ್ಬಳು ದೂರದಿಂದಲೇ, ತಡಿಯಪ್ಪ ಬಂದೆ ಎಂದು ಕ್ಯಾಸೆಟ್ಟಿಗೆ ಉತ್ತರ ಕೊಟ್ಟಳು. ಕ್ಯಾಸೆಟ್ಟು ತಡೆಯಲಿಲ್ಲ, ಮುಂದಿನ ಊರಿಗೆ ಹೋಗಿಬಿಟ್ಟಿತು. ಆಕೆ ಹತ್ತಿ, ಎದುರಿಗೆ ನಿಂತ ಅಪ್ಪನನ್ನು ನೋಡಿ, ಕರೆದವನು ನೀನಲ್ಲವಾ ಎಂದು ಕೇಳಿದಳು. ಅಪ್ಪನಿಗೆ ಹೌದು ಎನ್ನುವುದೋ ಅಲ್ಲ ಎನ್ನುವುದೋ ತಿಳಿಯಲಿಲ್ಲ.

ಅಲ್ಲಿಯವರೆಗೆ ಚೆಂದವೇ. ಹರಪನಹಳ್ಳಿ ಬರುವ ಹೊತ್ತಿಗೆ ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯಿತು. ಚಾಚಾನ ಟೇಪು ಆಟೋ ರಿವರ್ಸ್, ಒಂದು ಮಗ್ಗುಲು ಮುಗಿದರೆ ತಾನೇ ಇನ್ನೊಂದು ಮಗ್ಗುಲಿಗೆ ತಿರುಗುವಂಥದ್ದು. ಪರೀಕ್ಷೆಯಲ್ಲಿ ಈ ವಿಷಯದ ಮೇಲೆ ಪುಟಗಟ್ಟಲೆ ಬರೆದವಳು ನಾನು. ತೆಲಿಗಿಗೆ ಹೊರಟು ನಿಂತ ಬಸ್ಸು ಕೊಟ್ಟೂರು ಕೊಟ್ಟೂರು ಎಂದು ಕೂಗತೊಡಗಿತು. ಬೀಗರ ಮನೆಗೆ ಹೊರಟ ಒಂದು ದೊಡ್ಡ ಕುಟುಂಬ ಓಡಿಬಂದು ಟ್ರಂಕು, ಹಾಸಿಗೆ, ಕೋಳಿ ಸಮೇತ ಹತ್ತಿತು. ತೆಲಿಗಿಯವರು ಬಸ್ಸು ಬದಲಾಯಿತೆಂದು ಇಳಿದರು. ಇಳಿಯುವವರು, ಹತ್ತುವವರು ಬಾಗಿಲಲ್ಲಿ ಸಿಕ್ಕಿಕೊಂಡರು. ಚಾಚಾ ಟೇಪು ಆರಿಸಲು ಹೋಗಿ ಗಡಿಬಿಡಿಯಲ್ಲಿ ಸದ್ದನ್ನು ಇನ್ನೂ ಏರಿಸಿದ. ಕ್ಯಾಸೆಟ್ಟಿನ ಅಪ್ಪ ಕೊಟ್ಟೂರು ಎನ್ನುತ್ತಿದ್ದರೆ ಮೆಟ್ಟಿಲ ಮೇಲಿನ ಅಪ್ಪ ಅದಕ್ಕಿಂತ ಜೋರಾಗಿ ತೆಲಿಗಿ ತೆಲಿಗಿ ಎಂದು ತಮ್ಮ ಧ್ವನಿಯ ಮೇಲೆ ತಾವೇ ಜಗಳಕ್ಕೆ ಬಿದ್ದರು. ಶ್ರಮ ಉಳಿಸಲು ಮಾಡಿದ ಕ್ಯಾಸೆಟ್ಟಿನಿಂದಾಗಿ ಅಪ್ಪ ಆ ಒಂದು ದಿನ ಕೂಗಿದಷ್ಟು ಯಾವತ್ತೂ ಕೂಗಿರಲಿಕ್ಕಿಲ್ಲ.

ಸಂಜೆ ಮನೆಗೆ ಬಂದ ಅಪ್ಪನ ಗಂಟಲಿನಿಂದ ಗಾಳಿ ಮಾತ್ರ ಬರುತ್ತಿತ್ತು. ಬೆಲ್ಲದ ಚಾ ಕುಡಿದರೆ ಸರಿಹೋಗುತ್ತದೆ ಎಂದು ಕೈಸನ್ನೆ ಮಾಡಿದರು. ಜೊತೆಗೆ ಬಂದಿದ್ದ ಚಾಚಾನಿಗೆ ಮಾತ್ರ ಕ್ಯಾಸೆಟ್ಟಿನ ಮೇಲೆ ಆಸೆ ಹುಟ್ಟಿತ್ತು.

"ನಂದೂ ಒಂದೀಟು ತುಂಬು ಬೇಟಿ," ಎಂದ. "ಬಸ್ಸು ನಡಸಾಂವ ನಾನು, ಆವಾಜ್ ಮಾತ್ರ ನಿಮ್ಮಪ್ಪಂದಾ?"

ಕೌದಿಗಳು ಇನ್ನೂ ಗೋಡೆಯ ಮೇಲೇ ಇದ್ದವು. ಚಾಚಾನನ್ನು ನಿಲ್ಲಿಸಿ ತುಂಬಿದೆ. ಅದೇ ಮೈಕು, ಅದೇ ಟೇಪು, ಅದೇ ಅಗ್ಗದ ಕ್ಯಾಸೆಟ್ಟು. ಹೆಡ್‌ಫೋನು ಹಾಕಿಕೊಂಡು ಕೇಳಿದೆ. ಚಾಚಾನ ಬೀಡಿ ಸೇದಿದ ಒರಟು ಧ್ವನಿ ಗಟ್ಟಿಯಾಗಿ, ಸ್ವಚ್ಛವಾಗಿ ಬಂತು. ಗೀರು ಎಲ್ಲೂ ಇರಲಿಲ್ಲ. ಭಾನುವಾರ ಅಪ್ಪನಿಂದ ಮೊದಲು ತುಂಬಿದ್ದ ಕ್ಯಾಸೆಟ್ಟನ್ನು ಹುಡುಕಿ ಹಾಕಿದೆ. ಅದರಲ್ಲಿ ಇತ್ತು. ಬಸ್‌ಸ್ಟ್ಯಾಂಡಿನ ಜಗಳಕ್ಕಿಂತ ಒಂದು ದಿನ ಮೊದಲೇ, ಮೊದಲ ಕೂಗಿನಲ್ಲೇ ಇತ್ತು. ಟೇಪಿನಲ್ಲಿ ಏನೂ ಕೆಟ್ಟಿರಲಿಲ್ಲ. ಕೆಟ್ಟಿದ್ದು ಅಪ್ಪನ ಗಂಟಲಿನಲ್ಲಿತ್ತು, ನಾನು ಅದನ್ನು ಗಿರಣಿಯ ಸದ್ದಿನಂಥದ್ದೆಂದು ತಿಳಿದು ಒರೆಸಿ ಹಾಕಿದ್ದೆ.

ಆಗ ನಮ್ಮ ಓಣಿಯಲ್ಲಿ ಗಂಟಲು ಕೆಟ್ಟಿತು ಎಂದರೆ ಎಲ್ಲರ ಮನಸ್ಸಿಗೂ ಬರುತ್ತಿದ್ದ ಒಂದು ರೋಗದ ಹೆಸರಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವ್ವ ದೇವರ ಮುಂದೆ ದೀಪ ಹಚ್ಚಿ ಮುಡಿಪು ಕಟ್ಟಿದಳು. ಅಪ್ಪ ನಗುತ್ತಿದ್ದರು, ಆದರೆ ಅವರು ನಗುವಾಗ ನಮ್ಮ ಮುಖ ನೋಡುತ್ತಿರಲಿಲ್ಲ. ಮರುದಿನವೇ ದಾವಣಗೆರೆಗೆ ಹೋದೆವು.

ಡಾಕ್ಟರು ಕನ್ನಡಿ ಇಟ್ಟು ನೋಡಿ, ಹೆದರುವಂಥದ್ದೇನೂ ಇಲ್ಲ, ಕೂಗಿ ಕೂಗಿ ಧ್ವನಿಯ ತಂತುಗಳ ಮೇಲೆ ಸಣ್ಣ ಗಂಟು ಎದ್ದಿದೆ ಎಂದರು. ಕೆಲವು ವಾರ ಪೂರ್ತಿ ಮೌನ, ಆಮೇಲೆ ಅಭ್ಯಾಸ, ಬೇಗ ಬಂದದ್ದು ಒಳ್ಳೆಯದಾಯಿತು ಎಂದು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ನನಗಿಂತ ಸ್ವಲ್ಪ ದೊಡ್ಡವರಾದ ಒಬ್ಬ ಮೇಡಂ ಕೂತಿದ್ದರು. ಅವರ ಮೇಜಿನ ಮೇಲೆ ಟೇಪ್ ರೆಕಾರ್ಡರು, ಮೈಕು, ನನ್ನದೇ ಥರದ ಹೆಡ್‌ಫೋನು. ಗೋಡೆಗೆ ಕೌದಿಯ ಬದಲು ದಪ್ಪ ಪರದೆ. ಅಪ್ಪನ ಕೈಗೆ ನೀರಿನ ಲೋಟ, ಒಂದು ಕೊಳವೆ ಕೊಟ್ಟು, ಮೌನದ ವಾರಗಳು ಮುಗಿದ ಮೇಲೆ ಹೀಗೆ ಗುಳುಗುಳು ಗುಳ್ಳೆ ಎಬ್ಬಿಸುತ್ತಾ ಊ ಎನ್ನಬೇಕು ಎಂದು ತೋರಿಸಿಕೊಟ್ಟರು. ನಾನು ತಂದಿದ್ದ ಎರಡೂ ಕ್ಯಾಸೆಟ್ಟು ಕೇಳಿದರು. ತಹಶೀಲ್ದಾರರನ್ನು ಪಕ್ಕಕ್ಕಿಟ್ಟು, ಗೀರಿನ ಕ್ಯಾಸೆಟ್ಟನ್ನು ಮತ್ತೆ ಮತ್ತೆ ಕೇಳಿದರು. ಅವರ ಮುಖದಲ್ಲಿ ನಾನು ಹೆಡ್‌ಫೋನು ಹಾಕಿಕೊಂಡಾಗ ಇರಬಹುದಾದ ಮುಖವೇ ಇತ್ತು.

ನೀವು ಏನು ಓದಿದ್ದೀರಿ ಎಂದು ಕೇಳಿದೆ. ವಾಕ್ ಮತ್ತು ಶ್ರವಣ ಎಂದರು. ಮಾತು ತೊಡಕಾದವರಿಗೆ, ಕಿವಿ ಮಂದವಾದವರಿಗೆ, ಧ್ವನಿ ಹೋದವರಿಗೆ ನೆರವಾಗುವ ವಿದ್ಯೆ. ಮಂಗಳೂರಿನಲ್ಲಿ ಕಲಿಸುತ್ತಾರೆ, ಪಿಯುಸಿ ವಿಜ್ಞಾನ ಆಗಿದ್ದರೆ ಸಾಕು, ಡಿಗ್ರಿಯೇ. ಕಿವಿಗೆ ಒಂದು ಡಿಗ್ರಿ ಇದೆ ಎಂಬುದು ಕೊಟ್ಟೂರು ತೆಲಿಗಿ ಬಸ್ಸಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅಪ್ಪನ ಮೌನ ಶುರುವಾಯಿತು. ಕೆಲಸ ಬಿಡಲಿಲ್ಲ. ಕೂಗುವ ಕೆಲಸವನ್ನು ಬಸ್ಸು ತಾನೇ ಹೊತ್ತುಕೊಂಡಿತು. ಬಾಗಿಲ ಬಳಿ ಕೂತವರು ಊರ ಹೆಸರು ಕೂಗುತ್ತಿದ್ದರು, ಮೇಷ್ಟ್ರು ಚಿಲ್ಲರೆಗೆ ತಗಾದೆ ಮಾಡುತ್ತಿದ್ದರು, ಅಜ್ಜಿಯರು ಹುಡುಗರನ್ನು ಒಳಗೆ ಸರಿಯಿರಿ ಎಂದು ಗದರುತ್ತಿದ್ದರು. ಮೊದಲಿಗಿಂತ ಗದ್ದಲ ಹೆಚ್ಚಾಗಿತ್ತು, ಬಸ್ಸು ಮೊದಲಿಗಿಂತ ಸರಿಯಾದ ಹೊತ್ತಿಗೆ ಹೊರಡುತ್ತಿತ್ತು. ತಮ್ಮ ಅವಶ್ಯಕತೆಯೇ ಇಲ್ಲ ಎಂದು ಅಪ್ಪನಿಗೆ ಸ್ವಲ್ಪ ಬೇಜಾರೂ ಆಗಿತ್ತು.

ಮಂಗಳೂರಿನ ವಿಚಾರ ತೆಗೆದಾಗ ಬಸಣ್ಣ ಮಾವ ತಂಬ್ರಹಳ್ಳಿಯಿಂದ ಮತ್ತೆ ಬಂದ. ಅವ್ವನಿಗೆ ದೂರದ ಚಿಂತೆ, ಮಾವನಿಗೆ ವಿದ್ಯೆಯ ಮೇಲೇ ಅನುಮಾನ.

"ಮಾತು ಕಲಸಾಕ ಡಿಗ್ರಿ ಬೇಕೇನು?" ಎಂದ. "ನಮ್ಮವ್ವ ನಮಗೆಲ್ಲಾ ಮಾತು ಕಲಿಸ್ಲಿಲ್ಲೇನು? ಆಕಿ ಯಾವ ಕಾಲೇಜಿಗೆ ಹೋಗಿದ್ಲು?"

ಎಲ್ಲರೂ ಅಪ್ಪನ ಕಡೆ ನೋಡಿದೆವು. ಅಪ್ಪ ತುಟಿ ಅಲ್ಲಾಡಿಸಬಾರದು. ಹಳೆಯ ಅಪ್ಪನಾಗಿದ್ದರೆ, ನಾಳೆ ಬಸ್ಸಿನಲ್ಲಿ ಕೇಳಿ ನೋಡೋಣ ಎನ್ನುತ್ತಿದ್ದರು. ಕೇಳಲು ಈಗ ಬಾಯಿ ಇಲ್ಲ. ಎದ್ದು ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ಕಡೆ ಹೋದರು. ಬೇಸರ ಮಾಡಿಕೊಂಡರು ಎಂದು ಅವ್ವ ಅಣ್ಣನ ಮೇಲೆ ರೇಗಿದಳು. ತಿರುಗಿ ಬಂದ ಅಪ್ಪ ನನ್ನ ಮುಂದೆ ನಿಂತು ಎರಡು ಬೆರಳು ಎತ್ತಿದರು. ಕಂಡಕ್ಟರ ಮಗಳಿಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎರಡು ಸೀಟು, ಮಂಗಳೂರಿಗೆ.

ಹೊರಡುವ ಹೊತ್ತಿಗೆ ಮೌನದ ವಾರಗಳು ಮುಗಿದಿದ್ದವು. ಮೆತ್ತಗೆ, ಬೇಕಾದಷ್ಟೇ ಮಾತಾಡಬಹುದು ಎಂದು ಡಾಕ್ಟರು ಹೇಳಿದ್ದರು. ಅಪ್ಪ ಮಾತನ್ನು ಮದುವೆಮನೆಯ ತುಪ್ಪದ ಹಾಗೆ ಬಡಿಸುತ್ತಿದ್ದರು. ದಾರಿಯುದ್ದಕ್ಕೂ ಬೇರೆ ಬಸ್ಸಿನ ಕಂಡಕ್ಟರನ ಕೆಲಸ ನೋಡಿ ತಲೆ ಕೊಡವಿದ್ದು ಬಿಟ್ಟರೆ ಸುಮ್ಮನೇ ಕೂತಿದ್ದರು. ಮಂಗಳೂರಿನ ಕಾಲೇಜಿನಲ್ಲಿ ಪ್ರವೇಶಕ್ಕೆ ಮೊದಲು ಒಂದು ಸಂದರ್ಶನ ಇತ್ತು, ತಂದೆಯೋ ತಾಯಿಯೋ ಜೊತೆಗೆ ಕೂರಬೇಕು. ಮುಡಿ ತುಂಬ ಮಲ್ಲಿಗೆ ಮುಡಿದ ಹಿರಿಯ ಮೇಡಂ ನನ್ನ ಅಂಕಗಳನ್ನು ನೋಡಿದರು. ಸಂಗೀತ ತಂತ್ರಜ್ಞಾನ ಓದಿ ಇಲ್ಲಿಗೆ ಯಾಕೆ ಬಂದಿರಿ, ಇದನ್ನೂ ಓದಿ ಮತ್ತೊಂದಕ್ಕೆ ಹೋಗುತ್ತೀರೋ ಎಂದು ಕೇಳಿದರು. ಅಂಕಗಳು ಅವರಿಗೆ ಸಾಲದೆಂದು ಮುಖವೇ ಹೇಳುತ್ತಿತ್ತು.

ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಉತ್ತರ ಇತ್ತು. ಅದರಲ್ಲಿ ಆವರ್ತನ, ತರಂಗ ಎಲ್ಲ ಇದ್ದವು. ಒಂದೂ ಬಾಯಿಗೆ ಬರಲಿಲ್ಲ. ಹಂಪಸಾಗರದ ಮೈಕ್ ಸೆಟ್ಟು ಕಣ್ಣ ಮುಂದೆ ಬಂದು ನಿಂತಿತು.

ಪಕ್ಕದಲ್ಲಿ ಅಪ್ಪ ಗಂಟಲು ಸರಿಮಾಡಿಕೊಂಡರು. ಹಾಗೆ ಗಂಟಲು ಕೆರೆಯಬಾರದು ಎಂದು ಡಾಕ್ಟರು ಹೇಳಿದ್ದು ನೆನಪಾಗಿ ನಾನು ಅವರ ಕೈ ಹಿಡಿದೆ. ಅವರು ಬಿಡಿಸಿಕೊಳ್ಳಲಿಲ್ಲ. ಬಸ್‌ಸ್ಟ್ಯಾಂಡನ್ನು ತುಂಬುತ್ತಿದ್ದ ಆ ಮನುಷ್ಯ, ಮೇಜಿನಾಚೆಗೆ ಕೇಳಿಸಿದರೆ ಸಾಕು ಎನ್ನುವಷ್ಟು ಮೆತ್ತಗೆ ಹೇಳಿದರು.

"ಬಸ್ಸಿನ್ಯಾಗಿನ ಮಂದಿ ಎಲ್ಲಾ ನನ್ನ ಮಾತು ಕೇಳತಿದ್ರು ರೀ. ಈಕಿ ಒಬ್ಬಾಕಿ ನನ್ನ ಗಂಟಲ ಕೇಳಿದ್ಲು."

ಮೇಡಂ ಪೆನ್ನು ಕೆಳಗಿಟ್ಟು ನನ್ನನ್ನು ಇನ್ನೊಮ್ಮೆ ನೋಡಿದರು, ಈ ಸಲ ಬೇರೆ ಥರ. ನಾನು ತಲೆ ತಗ್ಗಿಸಿದೆ. ಕೇಳಿದ್ದು ನಿಜ, ಆದರೆ ಕೇಳಿದ ಕೂಡಲೇ ಒರೆಸಿಯೂ ಹಾಕಿದ್ದೆ ಎಂಬುದನ್ನು ಮಾತ್ರ ಅಪ್ಪ ಅವರಿಗೆ ಹೇಳಲಿಲ್ಲ.